ಗುಡ್ಲುತೋಪಿನ ಒಲೆಗಳು

ಇದ್ದಿಲು, ಕಾದ ಕಬ್ಬಿಣ, ವಿಭೂತಿ, ಹುಚ್ಚೆಳ್ಳಿನ ಚಟ್ನಿಪುಡಿ. ಈ ನಾಲ್ಕೂ ಸೇರಿದ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ನನಗೆ ಹನ್ನೊಂದು ವರ್ಷವಾಗಿದ್ದಾಗ ಅದು ನಮ್ಮ ದೊಡ್ಡಪ್ಪನ ಬಸ್ಸಿನೊಳಗೆ ತುಂಬಿಕೊಂಡಿತ್ತು. ಹತ್ತಿದ ಕೂಡಲೇ ಇದ್ದಿಲು ಮೂಗಿಗೆ ಬಡಿಯುತ್ತಿತ್ತು, ಆಮೇಲೆ ನಿಧಾನವಾಗಿ ಚಟ್ನಿಪುಡಿ. ವಿಭೂತಿಯದು ಅಜ್ಜಿಯ ಹತ್ತಿರ ಒತ್ತಿಕೊಂಡು ಕೂತರೆ ಮಾತ್ರ.

ಅದು ಯುದ್ಧದ ಕಾಲ, ನಲವತ್ತನಾಲ್ಕನೇ ಇಸವಿ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಹಂಡೆಯಂಥ ಒಂದು ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ದೊಡ್ಡಪ್ಪ ನಾಗಲಿಂಗಯ್ಯನವರಿಗೆ ಎರಡು ಬಸ್ಸಿದ್ದವು. ಹಳೆಯದು ಜನ ತುಂಬಿಕೊಂಡು ದಿಣ್ಣೆ ಹತ್ತಲಾರದಷ್ಟು ಬಳಲಿತ್ತು. ಅದನ್ನು ಮಾರಲು ಅವರಿಗೆ ಮನಸ್ಸಾಗಲಿಲ್ಲ. ಸೀಟುಗಳನ್ನೆಲ್ಲ ಕೀಳಿಸಿ ಎರಡು ಮಂಚ ಹಾಕಿಸಿದರು. ನೀರಿಗೆ ಒಂದು ಪೀಪಾಯಿ, ಪಾತ್ರೆಗಳಿಗೆ ಮರದ ಗೂಡು, ಕಿಟಕಿಗಳಿಗೆ ಹಳೆಯ ಸೀರೆಯ ಪರದೆ.

"ಅವ್ವನ್ನೂ ಚಿಕ್ಕಮ್ಮನ್ನೂ ಪಾವಗಡದ ತನಕ ಸುತ್ತಾಡಿಸಿಕೊಂಡು ಬರ್ತೀನಿ," ಎಂದರು. "ಛತ್ರ ಬೇಡ, ನೆಂಟರ ಮನೆ ಬೇಡ. ಎಲ್ಲಿ ನೆರಳೋ ಅಲ್ಲೇ ಮನೆ."

ಅಜ್ಜಿ ಹೊಳವನಹಳ್ಳಿಯ ನಮ್ಮ ಮನೆಯ ಜಗಲಿಯಿಂದಿಳಿದು ಬಸ್ಸಿನೊಳಗೆ ಇಣುಕಿದಳು. "ಅಲ್ಲ ಕಣೋ ನಾಗ, ನಮ್ಮಲ್ಲಿ ಸತ್ತೋರನ್ನ ಕೂರಿಸ್ಕೊಂಡು ಹೋಗೋಕೆ ವಿಮಾನ ಕಟ್ತಾರೆ. ನೀನು ಬದುಕಿರೋವಾಗ್ಲೇ ಕಟ್ಟಿಸ್ಬುಟ್ಯಲ್ಲೋ!"

"ಇದರಲ್ಲಿ ಮಲಗ್ಕೊಂಡೂ ಹೋಗ್ಬೌದು ಅಕ್ಕ," ಎಂದಳು ಅವಳ ಹಿಂದೆ ನಿಂತಿದ್ದ ಚಿಕ್ಕಜ್ಜಿ. "ಆ ವಿಮಾನದಲ್ಲಿ ಆ ಸುಖ ಇಲ್ಲ."

ಅಜ್ಜಿ ಶಿವರುದ್ರಮ್ಮನಿಗೆ ಆಗ ಅರವತ್ತೊಂದು. ಅವಳ ತಂಗಿ ಬಸವಮ್ಮ, ಅಂದರೆ ನನ್ನ ಚಿಕ್ಕಜ್ಜಿ, ಒಂಬತ್ತು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಡ್ರೈವರ್ ಸಂಜೀವಯ್ಯ. ಸೂಜಿಗೆ ದಾರ ಪೋಣಿಸಲು ಅಜ್ಜಿಗೆ ಕಣ್ಣು ಸಾಲದೆಂದು ನನ್ನನ್ನೂ ಹತ್ತಿಸಿಕೊಂಡರು.

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಬೆಳಗಿನ ಚಳಿ ಬಿಟ್ಟಿರಲಿಲ್ಲ. ಒಂದು ದಿನ ಕೊರಟಗೆರೆಯ ಆಚೆ ಆಲದ ಮರದ ಕೆಳಗೆ, ಇನ್ನೊಂದು ದಿನ ಮಧುಗಿರಿ ಬೆಟ್ಟದ ನೆರಳಲ್ಲಿ ತಂಗಿದೆವು. ಎಲ್ಲೂ ಅವಸರವಿರಲಿಲ್ಲ. ನಿಲ್ಲಿಸುವ ಮುಂಚೆ ಸಂಜೀವಯ್ಯ ಒಂದು ಹಿಡಿ ಮಣ್ಣು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗೆಂದು ನೋಡುತ್ತಿದ್ದ. ಗ್ಯಾಸಿನ ಹೊಗೆ ಮುದುಕಿಯರ ಮಂಚದ ಕಡೆಗೆ ಹೋಗದಂತೆ ಬಸ್ಸನ್ನು ತಿರುಗಿಸಿ ನಿಲ್ಲಿಸುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ಮೂರನೆಯ ದಿನ ಮಧ್ಯಾಹ್ನ, ಮಿಡಿಗೇಶಿ ದುರ್ಗ ಹಿಂದಕ್ಕೆ ಬಿದ್ದು ಎರಡು ಮೈಲಿಯಾಗಿರಬಹುದು, ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು.

"ಯಜಮಾನ್ರೇ, ಇದ್ಲು ಪಸೆ ಹಿಡ್ದೈತೆ," ಎಂದ ಸಂಜೀವಯ್ಯ. "ಗ್ಯಾಸು ಏಳ್ತಿಲ್ಲ. ಮಿಡಿಗೇಶೀಲಿ ಸಿಕ್ರೆ ನಾಳೀಕೆ ಬತ್ತೀನಿ. ಸಿಗ್ನಿಲ್ಲ ಅಂದ್ರೆ ಮಧುಗಿರಿಗೇ ಓಗ್ಬೇಕು. ಎಲ್ಡು ದಿನ ಆಯ್ತದೆ."

ಬಸ್ಸನ್ನು ತಳ್ಳಿ ರಸ್ತೆ ಪಕ್ಕದ ಹುಣಸೆತೋಪಿನೊಳಕ್ಕೆ ಸೇರಿಸಿದೆವು. ಸಂಜೀವಯ್ಯ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಒಳ್ಳೆಯ ನೆರಳು. ಆದರೆ ಮರದ ತುಂಬ ಹಣ್ಣಾಗಿ ನೆಲಕ್ಕೆಲ್ಲ ಉದುರಿತ್ತು, ಯಾರೂ ಆಯ್ದಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಣಸೆಹಣ್ಣನ್ನು ಹಾಗೆ ಬಿಡುವವರಿಲ್ಲ. ಮರಗಳ ಕೆಳಗೆ, ಒಂದರ ಪಕ್ಕ ಒಂದು, ಮೂರು ಮೂರು ಕಲ್ಲಿನ ಒಲೆಗಳು. ಕಲ್ಲುಗಳು ಅರ್ಧ ಮಣ್ಣಲ್ಲಿ ಹೂತಿದ್ದವು. ನಾನು ಎಣಿಸಲು ಹೊರಟು ನಲವತ್ತರ ಹತ್ತಿರ ಬಿಟ್ಟೆ. ಊರಿಗೆ ಊರೇ ಅಲ್ಲಿ ಕೂತು ಅಡಿಗೆ ಮಾಡಿ ಎದ್ದು ಹೋದ ಹಾಗಿತ್ತು.

"ಯಾರೋ ಪುಣ್ಯಾತ್ಮರು ಒಲೆ ಹೂಡಿಟ್ಟೇ ಹೋಗಿದಾರೆ," ಎಂದು ಅಜ್ಜಿ ಸಂತೋಷಪಟ್ಟಳು. ಹತ್ತಾರು ಒಲೆಗಳನ್ನು ದಾಟಿ ಹೋಗಿ, ಬಾವಿಯ ಕಡೆಯ ಒಂದರ ಮುಂದೆ ಕೂತು ಪುಳ್ಳೆ ಹಚ್ಚಿದಳು.

ಚಿಕ್ಕಜ್ಜಿ ಬಸ್ಸಿನಿಂದ ಇಳಿಯಲೇ ಇಲ್ಲ. ಕಿಟಕಿಯ ಸರಳು ಹಿಡಿದು ಆ ಒಲೆಯನ್ನೇ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ತಲೆಯೆತ್ತಿ, "ಮಂಗಳಾ, ಆ ಮಗೂನ ಯಾಕೆ ಹಂಗೆ ನಿಲ್ಲಿಸಿದೀರಿ? ಒಂದು ರೊಟ್ಟಿ ಕೊಡೇ," ಎಂದಳು.

"ಯಾವ ಮಗು ಅಜ್ಜಿ?"

"ಅದೇ, ಬಸ್ಸಿನ ಮೆಟ್ಟಿಲ ಹತ್ರ. ಎರಡು ಕೈನೂ ಮುಷ್ಟಿ ಕಟ್ಕೊಂಡು ನಿಂತಿದೆ ನೋಡು. ತಗೋ ಮಗ ಅಂತ ಆಗ್ಲಿಂದ ಕರೀತಿದೀನಿ, ಕೈನೇ ಬಿಚ್ಚಲ್ಲ."

ಮೆಟ್ಟಿಲ ಹತ್ತಿರ ಯಾರೂ ಇರಲಿಲ್ಲ. ದೊಡ್ಡಪ್ಪ ಸುತ್ತ ನೋಡಿ, "ಹಟ್ಟಿ ಮಕ್ಕಳಿರಬೇಕು ಅವ್ವ, ಓಡಿಹೋಗಿರ್ತವೆ," ಎಂದರು. ಕೈಯಲ್ಲಿರುವ ಸೂಜಿಯ ಕಣ್ಣು ಕಾಣದ ಅಜ್ಜಿಗೆ ಅಷ್ಟು ದೂರದ ಮುಷ್ಟಿ ಹೇಗೆ ಕಂಡಿತು ಎಂದು ನಾನು ಯೋಚಿಸಿದೆ. ರೊಟ್ಟಿಯನ್ನು ಮೆಟ್ಟಿಲ ಮೇಲಿಟ್ಟೆ.

ಚಿಕ್ಕಜ್ಜಿ ನನ್ನ ಕೈ ಹಿಡಿದುಕೊಂಡಳು. "ಬಾರೇ, ನೀರಿಗೆ ಹೋಗೋಣ."

ಬಾವಿಕಟ್ಟೆಯ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

"ಇದು ಪ್ಲೇಗಿನ ಕಾಲದಲ್ಲಿ ಗುಡ್ಲು ಹಾಕ್ಕೊಂಡಿದ್ದ ತೋಪು ಕಣೆ. ನಮ್ಮೂರು ಇಲ್ಲೇ ಗುಡ್ಡದ ಮಗ್ಗುಲಲ್ಲಿತ್ತು. ಇಲಿ ಬೀಳೋಕೆ ಶುರುವಾದ ಮೇಲೆ ಎಲ್ಲಾ ಮನೆ ಬಿಟ್ಟು ಇಲ್ಲಿಗೆ ಬಂದ್ವಿ. ನಿಮ್ಮಜ್ಜಿ ಅಷ್ಟು ಒಲೆ ಬಿಟ್ಟು ಹಚ್ಚಿದಳಲ್ಲ, ಅದೇ ನಮ್ಮ ಒಲೆ. ಅವಳಿಗೆ ಗೊತ್ತಿಲ್ಲ. ಅವಳು ಮೈಮೇಲೆ ಎಚ್ಚರ ಇಲ್ದೆ ಗಾಡೀಲಿ ಬಂದ್ಲು, ಹಂಗೇ ಗಾಡೀಲಿ ಹೋದ್ಲು. ಆಮೇಲೆ ಈ ಕಡೆ ಬಂದೇ ಇಲ್ಲ."

ಅವರವ್ವ ಮೊದಲು, ಊರಲ್ಲೇ ತೀರಿಕೊಂಡಳಂತೆ. ಹದಿನೈದು ದಿನದ ಮೇಲೆ, ಊರು ಬಿಡುವ ಹೊತ್ತಿಗೆ, ಇಬ್ಬರು ಅಕ್ಕಂದಿರಿಗೂ ಜ್ವರ ಬಂತು. ಹದಿನೇಳರ ಶಿವರುದ್ರಿ, ಹದಿಮೂರರ ಇಂದ್ರಮ್ಮ. ಚಿಕ್ಕಜ್ಜಿಗೆ ಆಗ ಎಂಟು.

"ಇಬ್ರಿಗೂ ಕುತ್ತಿಗೇಲಿ ಗಡ್ಡೆ ಎದ್ದಿತ್ತು. ಲಿಂಗ ಕಟ್ಟಿದ್ದ ಶಿವದಾರ ತಗುಲಿದ್ರೆ ಕಿರುಚೋರು. ಅಪ್ಪ ಇಬ್ಬರ ಲಿಂಗನೂ ಬಿಚ್ಚಿ ನನ್ನ ಕೈಗೆ ಕೊಟ್ಟ. ಒಂದೊಂದು ಕೈಲಿ ಒಂದೊಂದು. ಹಿಡ್ಕೊ, ನೆಲಕ್ಕಿಡಬೇಡ ಅಂದ. ಇಂದ್ರಿ ಹೋದ ದಿನ ಬೆಳಗಾಗೋ ಮುಂಚೆ ಬಂದು, ಅವಳದ್ದು ಕೊಡು ಅಂತ ಕೈ ಚಾಚಿದ. ನಾನು ಒಂದು ಕೊಟ್ಟೆ."

ನಮ್ಮಲ್ಲಿ ಸತ್ತವರ ಲಿಂಗವನ್ನು ಅವರ ಕೈಯಲ್ಲೇ ಇಟ್ಟು ಮಣ್ಣು ಮಾಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಹನ್ನೊಂದು ವರ್ಷದ ನನಗೂ ಅದು ತಿಳಿದಿತ್ತು.

"ಯಾರದ್ದು ಕೊಟ್ಟೆ ಚಿಕ್ಕಜ್ಜಿ?"

"ಗೊತ್ತಿಲ್ಲ," ಎಂದಳು. "ಅದೇ ನಂಗೆ ಗೊತ್ತಿಲ್ಲ ಮಗ. ಎರಡೂ ಒಂದೇ ಥರ, ಕರ್ರಗೆ. ನಿಮ್ಮಜ್ಜಿ ನಲವತ್ತನಾಲ್ಕು ವರ್ಷದಿಂದ ಪೂಜೆ ಮಾಡ್ತಿರೋದು ಅವಳದ್ದೋ, ಮಣ್ಣಲ್ಲಿರೋ ಇಂದ್ರೀದೋ. ಹೇಳಿದ್ರೆ ಅವತ್ತಿಂದ ಅವಳು ಊಟ ಬಿಡ್ತಾಳೆ. ನಮ್ಮಕ್ಕನ್ನ ನಾನು ಬಲ್ಲೆ, ತೊಟ್ಟು ನೀರು ಮುಟ್ಟಲ್ಲ. ಹೇಳದೇ ಇದ್ರೆ... ಈಗ ಇಂದ್ರೀನೇ ಬಂದು ಕೇಳ್ತಿದಾಳೆ."

ನಾವು ಬಿಂದಿಗೆ ಹೊತ್ತು ವಾಪಸು ಬಂದಾಗ ರೊಟ್ಟಿ ಮೆಟ್ಟಿಲ ಮೇಲೆ ಇಟ್ಟ ಹಾಗೇ ಇತ್ತು. ಇರುವೆಯೂ ಮುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಮಿಂದು, ಮಂಚದ ಮೇಲೆ ಕೂತು, ಎಂದಿನಂತೆ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ಅದು ಉರುಳಿ ಮಡಿಲಿಗೆ ಬಿತ್ತು. ಅಜ್ಜಿ ಕಣ್ಣಿಗೊತ್ತಿಕೊಂಡು ಮತ್ತೆ ಇಟ್ಟಳು. ಮತ್ತೆ ಉರುಳಿತು. ಬಸ್ಸು ಸಮನೆಲದ ಮೇಲೆ ನಿಂತಿತ್ತು, ಗಾಳಿಯೂ ಇರಲಿಲ್ಲ. ಅವಳ ಕೈ ಮಾತ್ರ ಸಣ್ಣಗೆ, ಯಾರೋ ಕೆಳಗಿನಿಂದ ತಟ್ಟುತ್ತಿರುವ ಹಾಗೆ ಅದುರುತ್ತಿತ್ತು. ಮೂರನೆಯ ಸಲವೂ ಬಿದ್ದ ಮೇಲೆ ಅವಳು ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು.

"ಇವತ್ತು ನಿಲ್ತಿಲ್ಲ. ನೀವು ಊಟ ಮಾಡಿ."

"ಅವ್ವ, ಒಂದು ಲೋಟ ಹಾಲಾದ್ರೂ..." ಎಂದರು ದೊಡ್ಡಪ್ಪ.

"ಪೂಜೆ ಆಗದೆ ಹಾಲೇನೋ? ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡೋರು."

ಆ ದಿನ ಅವಳು ನೀರೂ ಕುಡಿಯಲಿಲ್ಲ. ಚಿಕ್ಕಜ್ಜಿಯೂ ಉಣ್ಣಲಿಲ್ಲ, ಹಸಿವಿಲ್ಲ ಎಂದಳು. ಸಂಜೆ ಅಜ್ಜಿ ಒಂದೇ ಸಲ ಮಾತಾಡಿದ್ದು: "ಆ ಮಗು ಇನ್ನೂ ಹೋಗಿಲ್ಲ. ಅದರವ್ವ ಎಲ್ಲಿದ್ದಾಳೋ."

ಎರಡನೆಯ ಬೆಳಿಗ್ಗೆಯೂ ಲಿಂಗ ನಿಲ್ಲಲಿಲ್ಲ. ಅಜ್ಜಿಯ ತುಟಿ ಒಡೆದಿತ್ತು. ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಸಂಜೀವಯ್ಯನ ಸುಳಿವಿಲ್ಲ. "ಇನ್ನು ಕಾಯೋದಾಗಲ್ಲ, ಮಿಡಿಗೇಶಿಯಿಂದ ಎತ್ತಿನ ಗಾಡಿ ತರ್ತೀನಿ, ಮಧುಗಿರಿ ಆಸ್ಪತ್ರೆಗೆ ಹೋಗೋಣ," ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅವರು ಹೋದ ಸ್ವಲ್ಪ ಹೊತ್ತಿಗೆ ರಸ್ತೆಯ ಮೇಲೆ ಒಬ್ಬ ಹೆಂಗಸು ಕಂಡಳು. ತಲೆಯ ಮೇಲೆ ಕುಡಿಕೆ. ತೋಪಿನ ಅಂಚಿನಲ್ಲೇ ನಿಂತು ಕರೆದಳು. ನಾನು ಹೋದೆ. ಹತ್ತಿರದ ಹಟ್ಟಿಯ ಹನುಮಕ್ಕ ಅಂತೆ.

"ನಿಮ್ಮ ಡೈವರಣ್ಣ ಓಗ್ತಾ ಏಳೋದ, ಮುದುಕೇರವ್ರೆ, ಒಸಿ ನೋಡ್ಕಳ್ರವ್ವ ಅಂತ. ಮೊಸ್ರು ತಂದೀವ್ನಿ, ತಗಳವ್ವ."

"ಒಳಗೆ ಬನ್ನಿ," ಎಂದೆ.

"ಊಹೂಂ. ಈ ತೋಪ್ನಾಗೆ ನಾವು ಕಾಲಿಡಾಕಿಲ್ಲ. ಉಣಸೇಅಣ್ಣೂ ಆಯಾಕಿಲ್ಲ." ಬಸ್ಸಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಕಾಣುಸ್ತಾ, ಆ ಕೂಸು?"

ನಾನೂ ತಿರುಗಿ ಬಸ್ಸಿನ ಮೆಟ್ಟಿಲ ಕಡೆ ನೋಡಿದೆ.

"ಏನೂ ಮಾಡಾಕಿಲ್ಲ ಕಣವ್ವ, ಎದುರ್ಕೋಬ್ಯಾಡ. ನಮ್ಮತ್ತೆ ಏಳೋರು, ಇಲ್ಲಿ ಸತ್ತೋರೆಲ್ಲ ಯಾವತ್ತೋ ಒಂಟೋದ್ರು. ಸತ್ತೋರ್ಗೆ ದಾರಿ ಗೊತ್ತಿರ್ತೈತೆ. ಇದೊಂದು ಮಾತ್ರ ಇಲ್ಲೇ ಐತೆ. ಸತ್ತಿದ್ರೆ ಓಗ್ತಿರ್ನಿಲ್ವಾ?"

ಕುಡಿಕೆಯನ್ನು ನನ್ನ ಕೈಗೆ ಕೊಟ್ಟು, ಅದನ್ನು ವಾಪಸು ಕೊಡುವ ತೊಂದರೆ ಬೇಡ ಎಂದು ಹೇಳಿ ಹೋದಳು.

ಮಧ್ಯಾಹ್ನ ನಾನು ಒಬ್ಬಳೇ ಅನ್ನ ಮಾಡಿದೆ. ಒಲೆಯಿಂದ ಬಸ್ಸಿಗೆ ಬರುವಾಗ ಮೆಟ್ಟಿಲ ಮುಂದಿನ ಧೂಳಿನಲ್ಲಿ ಹೆಜ್ಜೆಗಳು ಕಂಡವು. ಚಿಕ್ಕ ಬರಿಗಾಲಿನವು. ಬಾವಿ ಕಡೆಯಿಂದ ಬಂದಿದ್ದವು. ಮೆಟ್ಟಿಲ ಮುಂದೆ ಎರಡು ಪಾದ ಜೋಡಿಸಿ ನಿಂತ ಗುರುತು ಆಳವಾಗಿತ್ತು, ಬಹಳ ಹೊತ್ತು ನಿಂತರೆ ಬೀಳುವ ಹಾಗೆ. ವಾಪಸು ಹೋದ ಹೆಜ್ಜೆಗಳಿರಲಿಲ್ಲ. ನಾನು ನನ್ನ ಪಾದವನ್ನು ಪಕ್ಕದಲ್ಲಿಟ್ಟು ನೋಡಿದೆ. ನನ್ನದಕ್ಕಿಂತ ಎರಡು ಬೆರಳು ಚಿಕ್ಕದು.

ತಲೆಯ ಮೇಲೆ ಸುಡುವ ಬಿಸಿಲಿತ್ತು. ಓಡಿ ಬಸ್ಸು ಹತ್ತಿ ಚಿಕ್ಕಜ್ಜಿಯನ್ನು ಕರೆತಂದು ತೋರಿಸಿದೆ. ಅವಳು ಹೆಜ್ಜೆ ನೋಡಿದಳು. ತಿರುಗಿ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದ ಅಕ್ಕನನ್ನು ನೋಡಿದಳು. ಒಳಗೆ ಹೋಗಿ ಮಂಚದ ಪಕ್ಕ ನೆಲಕ್ಕೆ ಕುಳಿತಳು.

"ಅಕ್ಕ. ನಾನೊಂದು ಮಾತು ಹೇಳ್ಬೇಕು. ಕೇಳಿ ನೀನು ಸತ್ರೆ ನಾನೂ ಇಲ್ಲೇ ಸಾಯ್ತೀನಿ."

ಅಜ್ಜಿ ಕಣ್ಣು ತೆರೆದಳು. "ಒಬ್ಬರ ಹಿಂದೆ ಒಬ್ಬರು ನಿಲ್ಲೋಕೆ ಇದೇನು ಸೀಮೆಎಣ್ಣೆ ಅಂಗಡೀನಾ? ಹೇಳು."

ಚಿಕ್ಕಜ್ಜಿ ಹೇಳಿದಳು. ಬಾವಿಕಟ್ಟೆಯ ಮೇಲೆ ನನಗೆ ಹೇಳಿದ್ದನ್ನೆಲ್ಲ, ಅದೇ ಮಾತುಗಳಲ್ಲಿ. ನಲವತ್ತನಾಲ್ಕು ವರ್ಷ ಒಳಗೊಳಗೇ ಹೇಳಿಕೊಂಡು ಬಾಯಿಪಾಠವಾಗಿತ್ತೆಂದು ಕಾಣುತ್ತದೆ. ಮುಗಿದ ಮೇಲೆ ತಲೆಯೆತ್ತಲಿಲ್ಲ. ನಾನು ಅಜ್ಜಿಯ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಿದ್ದೆ. ಅವಳ ಕೈ ಕೊರಳಿನ ಅರಿವೆಗಂಟನ್ನು ಹುಡುಕಿ ಹಿಡಿದುಕೊಂಡಿತು.

"ಯಾವ ಕೈ ಬಿಚ್ಚಿದೆ?" ಎಂದಳು.

"ಬಲಗೈ."

"ಬಲಗೈಲಿ ಯಾರದಿತ್ತು?"

"ಬಲಗಡೆ ಮಲಗಿರೋಳ್ದು ಬಲಗೈ ಅಂತ ಗುರುತಿಟ್ಕೊಂಡಿದ್ದೆ ಅಕ್ಕ. ಆಮೇಲೆ ಬಿಸಿಲು ಬಂತು ಅಂತ ಎದ್ದು ಆ ಕಡೆ ಹೋಗಿ, ಈ ಕಡೆ ಮುಖ ಮಾಡಿ ಕೂತೆ. ಆಗ ಬಲಗಡೆ ಇದ್ದೋಳು ಎಡಗಡೆಯಾದ್ಲು. ಮತ್ತೆ ಯಾವಾಗಲೋ ಎದ್ದೆ. ಎಷ್ಟು ಸಲ ತಿರುಗಿ ಕೂತೆ ಅನ್ನೋದೇ ನೆನಪಿಲ್ಲ."

"ಎಷ್ಟು ದಿನ ಹಿಡ್ಕೊಂಡಿದ್ದೆ?"

"ಮೂರು ದಿನ. ಇಂದ್ರಿ ಹೋಗೋ ತನಕ."

"ನಿದ್ದೆ?"

"ಕಂಬಕ್ಕೆ ಒರಗಿಕೊಂಡು."

ಅಜ್ಜಿ ಮೊಣಕೈ ಊರಿ ಸ್ವಲ್ಪ ಎದ್ದಳು. ನಾನು ದಿಂಬು ಕೊಟ್ಟೆ. "ಉಣ್ಣೋವಾಗ ಏನ್ಮಾಡ್ದೆ?"

ಚಿಕ್ಕಜ್ಜಿ ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡಳು.

"ಬಸವೀ, ಉಣ್ಣೋವಾಗ ಎರಡನ್ನೂ ಎಲ್ಲಿಟ್ಟೆ?"

"ಉಣ್ಣಲಿಲ್ಲ. ನೆಲಕ್ಕಿಡಬೇಡ ಅಂದಿದ್ನಲ್ಲ ಅಪ್ಪ."

"ಯಾರೂ ಬಾಯಿಗಿಕ್ಕಲಿಲ್ವಾ?"

"ಯಾರಿದ್ರು ಅಕ್ಕ? ಅಪ್ಪ ಗುಣಿ ತೋಡೋಕೆ ಹೋಗೋನು. ಎಲ್ಲರ ಮನೇಲೂ ಅದೇ."

ಹೊರಗೆ ಒಂದು ಹುಣಸೆಹಣ್ಣು ತಗಡಿನ ಮೇಲೆ ಬಿತ್ತು, ಉರುಳಿ ಹೋಯಿತು.

ಅಜ್ಜಿ ತಂಗಿಯ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ನೋಟ ಒಂದು ಕಡೆ ನಿಂತಿತ್ತು, ಎದುರಿಗಿರುವವರ ಮುಖ ನೋಡುವಾಗ ನಿಲ್ಲುವ ಹಾಗೆ. ನಾನೂ ತಿರುಗಿದೆ. ಮೆಟ್ಟಿಲು, ಬಿಸಿಲು, ಧೂಳು. ಅಷ್ಟೇ.

"ಇಂದ್ರಿ ಅಂತ ಹೆದರ್ಕೊಂಡಿದೀಯಲ್ಲ," ಎಂದಳು ಮೆಲ್ಲಗೆ. "ಇಂದ್ರೀಗೆ ಮೊಣಕಾಲು ಮುಟ್ಟೋ ಜಡೆ ಇತ್ತು. ಹದಿಮೂರಕ್ಕೇ ನನ್ನೆತ್ತರ ಬೆಳೆದಿದ್ಲು. ಇದು ಏಳೆಂಟು ವರ್ಷದ್ದು. ತಲೆ ತುಂಬ ಸಿಕ್ಕು. ಆಗ್ಲಿಂದ ನೋಡ್ತಿದೀನಿ, ಎಲ್ಲೋ ನೋಡಿದ ಮುಖ ಅನ್ನಿಸ್ತಿತ್ತು. ಬಸವೀ, ಇದು ಇಂದ್ರಿ ಅಲ್ಲ. ಇದು ನೀನು ಕಣೆ."

ಚಿಕ್ಕಜ್ಜಿ ತಿರುಗಿ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲವೋ ಏನೋ. ಅವಳ ಎರಡು ಕೈಗಳೂ ಮಡಿಲಲ್ಲಿ ಬಿಗಿಯಾಗಿ ಮುಚ್ಚಿಕೊಂಡಿದ್ದವು.

"ಲಿಂಗ?" ಎಂದಳು. "ನಿನ್ನದೋ ಅವಳದೋ ಗೊತ್ತಿಲ್ದೆ..."

"ನಲವತ್ತನಾಲ್ಕು ವರ್ಷ ದಿನಾ ಕೈಲಿಟ್ಕೊಂಡಿದೀನಿ. ಇನ್ನೂ ನಂದಾಗಿಲ್ವೇನೇ ಇದು? ಅವಳ ಕೈಲಿರೋದು ಅವಳದಾಗಿದೆ. ಏಳಿಸು ನನ್ನ."

ಎಬ್ಬಿಸಿ ಕೂರಿಸಿದೆವು. ನಾನು ಮುಖ ಕೈ ತೊಳೆಯಲು ನೀರು ಕೊಟ್ಟೆ, ವಿಭೂತಿ ಕೊಟ್ಟೆ. ಅಜ್ಜಿ ಅರಿವೆ ಬಿಚ್ಚಿ ಎಡಗೈ ಚಾಚಿದಳು. ಕೈ ಹಾಗೇ ಅದುರುತ್ತಿತ್ತು.

"ನಿನ್ನ ಕೈ ಕೊಡು. ಕೆಳಗೆ ಹಿಡಿ."

ಚಿಕ್ಕಜ್ಜಿ ಕೈ ಬಿಚ್ಚಿ ಅಕ್ಕನ ಕೈಯ ಕೆಳಗಿಟ್ಟಳು. ಅಜ್ಜಿ ಲಿಂಗವನ್ನಿಟ್ಟಳು. ಅದು ಒಮ್ಮೆ ಅಲುಗಿತು, ನಿಂತಿತು. ಪೂಜೆ ಮುಗಿಯುವವರೆಗೂ ಕದಲಲಿಲ್ಲ. ಅಜ್ಜಿ ನೀರನ್ನು ಎರೆದು ತೀರ್ಥ ತೆಗೆದುಕೊಂಡಳು. ಎರಡು ದಿನದ ಮೇಲೆ ಅವಳ ಗಂಟಲಿನಲ್ಲಿ ನೀರು ಇಳಿಯುವ ಸದ್ದು ನನಗೆ ಕೇಳಿಸಿತು.

ನಾನು ಅನ್ನದ ಪಾತ್ರೆ, ಹನುಮಕ್ಕ ಕೊಟ್ಟ ಮೊಸರು ತಂದಿಟ್ಟೆ. ಬಡಿಸಲು ಚಿಕ್ಕಜ್ಜಿ ಎದ್ದಳು.

"ನೀನು ಕೂತ್ಕೋ," ಎಂದಳು ಅಜ್ಜಿ.

ಕಂಚಿನ ತಟ್ಟೆಯೊಂದನ್ನು ಹತ್ತಿರಕ್ಕೆಳೆದುಕೊಂಡು ತಾನೇ ಅನ್ನ ಹಾಕಿದಳು. ಮೊಸರು ಸುರಿದು, ಒಂದು ಚಿಟಿಕೆ ಉಪ್ಪು ಹಾಕಿ, ಸಣ್ಣ ಮಕ್ಕಳಿಗೆ ಕಲಸುವ ಹಾಗೆ ಅಗುಳು ಉಳಿಯದಂತೆ ನುರಿದು ಕಲಸಿದಳು. ಬಹಳ ಹೊತ್ತು ಕಲಸಿದಳು. ಮಂಚದಿಂದ ಕಾಲು ಇಳಿಬಿಟ್ಟು, ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ತಾನು ಒಂದು ತುತ್ತನ್ನೂ ಮುಟ್ಟದೆ, ಆ ತಟ್ಟೆಯನ್ನು ತಂಗಿಯ ಎರಡು ಕೈಗಳಿಗೆ ಕೊಟ್ಟಳು.